ಗಾಂಧಾರ ಯಾರಿಗೆ ಬಿಡ್ತೀರಿ?

ಒಬ್ಬ ರಾಕ್ ಗಿಟಾರ್ ವಾದಕ, ಒಬ್ಬ ಕರ್ನಾಟಕ ಸಂಗೀತದ ಗಾಯಕ. ಎರಡು ನಿಮಿಷ ಇವರದು, ಎರಡು ನಿಮಿಷ ಅವರದು, ಕೊನೆಗೆ ಇಬ್ಬರೂ ಸೇರಿ ಜೋರಾಗಿ ಒಂದು ನಿಮಿಷ. ಇದಕ್ಕೆ ಫ್ಯೂಷನ್ ಅಂತ ಹೆಸರಿಡ್ತಾರೆ. ನಾನಿದನ್ನ ಸರದಿ ಅಂತೀನಿ. ಯಾಕಂದ್ರೆ ಇಲ್ಲಿ ಯಾರೂ ಏನನ್ನೂ ಬಿಟ್ಟುಕೊಟ್ಟಿಲ್ಲ.

ಬಿಟ್ಟುಕೊಡೋದು ಶ್ರುತಿಯಿಂದಲೇ ಶುರುವಾಗಬೇಕು. ಗಾಯಕರದು ಒಂದೂವರೆ ಮನೆ ಅಂದ್ರೆ ಸಿ ಶಾರ್ಪ್. ಗಿಟಾರ್‌ಗೆ ಮೊದಲನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಪಟ್ಟಿ) ಹತ್ತಿರ ಕೇಪೋ, ಅಂದ್ರೆ ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು, ಹಾಕಿದ್ರೆ ಮುಗೀತು, ಸಿ ಕಾರ್ಡಿನ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಬೆರಳುಗಳೇ ಸಾಕು. ಮೃದಂಗಕ್ಕೆ ಹಾಗಾಗಲ್ಲ. ತೀರಾ ಬಿಗಿದ್ರೆ ನಾದ ಒಣಗುತ್ತೆ, ತೀರಾ ಸಡಿಲಿಸಿದ್ರೆ ಮಂಕಾಗುತ್ತೆ. ಘಟಕ್ಕಂತೂ ಸುಟ್ಟಾಗಲೇ ಶ್ರುತಿ ಗೊತ್ತಾಗಿಬಿಟ್ಟಿದೆ. ಹಾಗಾಗಿ ಬದಲಾಗೋಕೆ ಆಗದ ವಾದ್ಯದ ಶ್ರುತಿಯನ್ನ ಮೊದಲು ಕೇಳಿ, ಬಾಕಿಯವರು ಅದಕ್ಕೆ ಹೊಂದಿಕೊಳ್ಳಲಿ.

ನಿಜವಾದ ಜಗಳ ಇರೋದು ಗಾಂಧಾರದಲ್ಲಿ, ಅಂದ್ರೆ ಸರಿಗಮದ ‘ಗ’ದಲ್ಲಿ. ತಂಬೂರಿಯ ನಾದದಲ್ಲೇ ಕೇಳಿಬರೋ ಅಂತರ ಗಾಂಧಾರ ಷಡ್ಜದಿಂದ (ಸ) 386 ಸೆಂಟ್ ಮೇಲಿರುತ್ತೆ, ಕೀಬೋರ್ಡಿನದು 400. ಸೆಂಟ್ ಅಂದ್ರೆ ಅರ್ಧ ಸ್ವರದ ನೂರನೇ ಒಂದು ಪಾಲು. ಹದಿನಾಲ್ಕು ಸೆಂಟ್ ವ್ಯತ್ಯಾಸ, ಅಂದ್ರೆ ಅರ್ಧ ಸ್ವರದ ಏಳನೇ ಒಂದು ಪಾಲು. ಹಿಡಿದು ನಿಲ್ಲಿಸಿದಾಗ ಕಿವಿಗೆ ಚುಚ್ಚುತ್ತೆ. ಪಂಚಮದಲ್ಲಿ (ಪ) ವ್ಯತ್ಯಾಸ ಬರೀ ಎರಡೇ ಸೆಂಟ್, ಯಾರಿಗೂ ತೊಂದರೆ ಇಲ್ಲ. ಇನ್ನು ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲೋದೇ ಇಲ್ಲ, ತೂಗಾಡ್ತಾನೇ ಇರುತ್ತೆ. ಅದರ ಕೆಳಗೆ ಪಿಯಾನೋದವರು ಸಿ ಶಾರ್ಪ್ ಮೈನರ್ ಕಾರ್ಡ್ ಒತ್ತಿ ಹಿಡಿದ್ರೆ, ಸರಿಯಾಗಿ ಹಾಡ್ತಿರೋ ಗಾಯಕರೇ ಅಪಸ್ವರ ಹಾಡಿದ ಹಾಗೆ ಕೇಳುತ್ತೆ. ಅನ್ಯಾಯ ಅಲ್ವಾ ಇದು?

ಪರಿಹಾರ ಸರಳ. ಕಾರ್ಡಿನಿಂದ ಗಾಂಧಾರ ತೆಗೆದು ಸ-ಪ ಮಾತ್ರ ನುಡಿಸಿ. ಹೆವಿ ಮೆಟಲ್‌ನವರ ಪವರ್ ಕಾರ್ಡ್ ಅಂದ್ರೆ ಇದೇ ತಾನೇ! ಅದಕ್ಕೇ ತೋಡಿಯ ಪಕ್ಕದಲ್ಲಿ ಜಾಝ್ ಪಿಯಾನೋಗಿಂತ ಮೆಟಲ್ ಗಿಟಾರ್ ಚೆನ್ನಾಗಿ ಕೂರುತ್ತೆ ಅಂತ ನಾನು ಹೇಳೋದು. ರೆಕಾರ್ಡಿಂಗ್‌ನಲ್ಲಿ ಸ್ವರ ತಿದ್ದೋ ಸಾಫ್ಟ್‌ವೇರ್ ಆಟೋಟ್ಯೂನ್‌ನ ಗಾಯನದ ಹತ್ತಿರ ಬಿಡಲೇಬೇಡಿ. ಗಮಕವನ್ನ, ಅಂದ್ರೆ ಸ್ವರದ ತೂಗಾಟವನ್ನ, ಹನ್ನೆರಡು ಸ್ವರದ ಮನೆಗಳಿಗೆ ಎಳೆದು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಬಿಡುತ್ತೆ.

‘ಶಕ್ತಿ’ ಅನ್ನೋ ಫ್ಯೂಷನ್ ತಂಡದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಇನ್ನೂ ದೂರ ಹೋದ್ರು. ಜಾಝ್-ರಾಕ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಗುಡುಗಿಸ್ತಿದ್ದವರು, 1970ರ ದಶಕದಲ್ಲಿ ಅದನ್ನ ಬದಿಗಿಟ್ಟು ವಿಶೇಷವಾದ ಅಕೌಸ್ಟಿಕ್ ಗಿಟಾರ್ ಮಾಡಿಸಿಕೊಂಡ್ರು. ಆರು ತಂತಿಗಳ ಜೊತೆಗೆ, ಅಡ್ಡಡ್ಡವಾಗಿ ಅನುರಣನಕ್ಕೆ ಅಂತಲೇ ಏಳು ತಂತಿ. ಫ್ರೆಟ್‌ಗಳ ನಡುವಿನ ಮರವನ್ನ ಕೊರೆದು ಗುಳಿ ಮಾಡಲಾಗಿತ್ತು. ಬೆರಳಿಗೆ ಮರ ತಾಗಲ್ಲ, ತಂತಿಯನ್ನ ಸಲೀಸಾಗಿ ಎಳೆಯಬಹುದು, ಗಮಕ ಬರುತ್ತೆ. ಪಕ್ಕದಲ್ಲಿ ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ. ಡ್ರಮ್ ಸೆಟ್ ಇರಲೇ ಇಲ್ಲ. ಇದ್ದಿದ್ರೆ ಘಟದ ಮೈಕ್‌ಗೆ ಸಿಂಬಲ್ ಸದ್ದೇ ತುಂಬಿ, ಮೈಕ್ ಏರಿಸಿದ್ರೆ ಸ್ಪೀಕರ್ ಕೂಗು, ಇಳಿಸಿದ್ರೆ ಘಟವೇ ಕೇಳದ ಪರಿಸ್ಥಿತಿ.

ಹಾಗಂತ ಎಲ್ಲ ಕಡೆ ಇಷ್ಟು ಕಷ್ಟ ಪಡಬೇಕಿಲ್ಲ. ರಾಕ್ ತಂಡ ಏರೋಸ್ಮಿತ್‌ನ 1975ರ ಹಾಡು ‘ವಾಕ್ ದಿಸ್ ವೇ’ 1986ರಲ್ಲಿ ರ‍್ಯಾಪ್ ತಂಡ ರನ್-ಡಿಎಂಸಿ ಜೊತೆ ಮತ್ತೆ ಬಂತಲ್ಲ, ಅಲ್ಲಿ ಹೊಲಿಗೆ ಕಾಣದಿರೋಕೆ ಕಾರಣ ಇದೆ. ಮೂಲ ಹಾಡಿನ ಚರಣವೇ ರಾಗಕ್ಕಿಂತ ಪದಗಳ ಓಟದ ಮೇಲೆ ನಿಂತಿದ್ದು, ಅರ್ಧ ರ‍್ಯಾಪ್. ಶುರುವಿನ ಡ್ರಮ್ ಬೀಟ್ ಹಿಪ್‌ಹಾಪ್‌ನವರಿಗೆ ಮೊದಲೇ ಪರಿಚಿತ. ನಿರ್ಮಾಪಕ ರಿಕ್ ರೂಬಿನ್ ಸಮಾನ ನೆಲವನ್ನ ಹುಡುಕಿದ್ರು ಅಷ್ಟೇ.

ತಾಳದ ಲೆಕ್ಕ ಮಾತ್ರ ಕಾಗದದ ಮೇಲೇ ಆಗಬೇಕು. ಗಾಯಕರದು ಮಿಶ್ರ ಛಾಪು ತಾಳ, ಒಂದು ಸುತ್ತಿಗೆ ಏಳು ಎಣಿಕೆ. ಡ್ರಮ್ಮರ್ ಕೈ ನಾಲ್ಕರಲ್ಲೇ ಓಡುತ್ತೆ. ಇಬ್ಬರ ಸಮ (ಸುತ್ತಿನ ಮೊದಲ ಪೆಟ್ಟು) ಕೂಡೋದು 28 ಎಣಿಕೆಗೆ ಒಮ್ಮೆ: ಗಾಯಕರಿಗೆ ನಾಲ್ಕು ಆವರ್ತ (ತಾಳದ ಸುತ್ತು), ಡ್ರಮ್ಮರ್‌ಗೆ ನಾಲ್ಕರ ಏಳು ಬಾರ್. ಇದನ್ನ ಮೊದಲೇ ಒಪ್ಪಿಕೊಂಡ್ರೆ ಆ ಎಳೆದಾಟವೇ ಸೊಗಸು. ಒಪ್ಪಿಕೊಳ್ಳದಿದ್ರೆ ಎರಡನೇ ಆವರ್ತದಲ್ಲೇ ಡ್ರಮ್ಮರ್ ಗಾಬರಿಯಾಗಿ ಒಂದು ಪೆಟ್ಟು ನುಂಗ್ತಾರೆ, ಆಮೇಲೆ ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯ) ಎಲ್ಲಿ ಇಳಿದ್ರೂ ತಪ್ಪೇ. ಆಲಾಪನೆಗೆ ಕ್ಲಿಕ್ (ವೇಗ ಹಿಡಿಯೋಕೆ ಕಿವಿಗೆ ಕೊಡೋ ಟಿಕ್ ಟಿಕ್ ಸದ್ದು) ಬೇಡ, ತಂಬೂರಿ ಸಾಕು. ಪಲ್ಲವಿ ಎತ್ತೋವಾಗ ಕ್ಲಿಕ್ ಶುರುವಾಗಲಿ, ಆ ವೇಗವನ್ನ ಗಾಯಕರೇ ಕೈಯಲ್ಲಿ ತಾಳ ಹಾಕಿ ಕೊಡಲಿ.