ಮುದುಕ ರಾಜನ್ನ ಬಿಟ್ಟುಕೊಡೋಕೆ ನಮಗ್ಯಾಕೆ ಆಗಲ್ಲ?

ನಮಸ್ಕಾರ ಎಲ್ರಿಗೂ, ಮಡಿಕೇರಿಯಿಂದ. ಮಧ್ಯಯುಗದ ರಾಜಮನೆತನ ನಡೆಸೋ ಕಂಪ್ಯೂಟರ್ ಗೇಮ್ ಕ್ರುಸೇಡರ್ ಕಿಂಗ್ಸ್ 3 ಆಡೋರ ಹತ್ರ ಒಂದು ವಿಷ್ಯ ಮಾತಾಡ್ಬೇಕು. ಆ ಗೇಮಲ್ಲಿ ರಾಜ ಸತ್ರೆ ಆಟ ಮುಗಿಯಲ್ಲ, ವಾರಸುದಾರನಾಗಿ ಮುಂದುವರಿಸ್ತೀರ, ನಿಮ್ಮ ವಂಶದ ಕೈಲಿ ಒಂದು ಸೀಮೆ ಉಳಿದ್ರೂ ಸಾಕು. ಆದ್ರೂ ರಾಜನಿಗೆ ಅರವತ್ತು ದಾಟ್ತು ಅಂದ್ರೆ ನಮ್ಮ ಎದೆ ಹೊಡ್ಕೊಳ್ಳೋಕೆ ಶುರು, ಹಳೇ ಸೇವ್ ಲೋಡ್ ಮಾಡಿ ಆಟಾನ ಹಿಂದಕ್ಕೆ ತಗೊಂಡು ಹೋಗ್ತೀವಿ, ಕಿರಿ ಮಗನ್ನ ಸನ್ಯಾಸಕ್ಕೆ ಕಳಿಸ್ತೀವಿ, ಇನ್ನೊಬ್ಬನ ಹಕ್ಕು ಕಿತ್ತಾಕ್ತೀವಿ, ಅದೂ ಆಗ್ಲಿಲ್ಲ ಅಂದ್ರೆ ಸ್ವಂತ ಮಗನ ಮೇಲೇ ಮರ್ಡರ್ ಸ್ಕೀಮ್.

ಇದನ್ನ ಅಧಿಕಾರದ ಆಸೆ ಅಂತಾರೆ, ನಾನು ಒಪ್ಪಲ್ಲ. ಇದು ಭಯ. ಆ ಭಯಕ್ಕೆ ಕಾರಣಾನೂ ಇದೆ. ಶುರುವಲ್ಲಿ ನಮಗೆ ಸಿಗೋದು ಪಾರ್ಟಿಷನ್ ಪದ್ಧತಿ, ಅಪ್ಪ ಸತ್ತ ದಿನ ರಾಜ್ಯ ಮಕ್ಕಳಿಗೆ ಹಂಚಿ ಹೋಗುತ್ತೆ, ನೀವು ಗಂಟೆಗಟ್ಲೆ ಕೂತು ಗೆದ್ದು ಕಟ್ಟಿದ ಕೋಟೆ ತಮ್ಮನ ಪಾಲು. ಮಗನ ಸ್ಟ್ಯೂವರ್ಡ್‌ಶಿಪ್, ಅಂದ್ರೆ ಆಡಳಿತ ನಡೆಸೋ ಸಾಮರ್ಥ್ಯ, ಕಮ್ಮಿ ಇದ್ರೆ ಅಪ್ಪ ಇಟ್ಕೊಂಡಿದ್ದಷ್ಟು ಜಾಗ ಅವನಿಗೆ ಇಟ್ಕೊಳ್ಳೋಕೂ ಆಗಲ್ಲ. ಹೊಸ ರಾಜ ಅನ್ನೋ ಒಂದೇ ಕಾರಣಕ್ಕೆ ಸಾಮಂತರ ಒಪಿನಿಯನ್ ಕೆಳಗೆ ಬೀಳುತ್ತೆ, ತಿಂಗಳು ಕಳೆಯೋದ್ರೊಳಗೆ ರಾಜನ ವಿರುದ್ಧ ಅವರ ಗುಂಪು, ಫ್ಯಾಕ್ಷನ್, ಎದ್ದು ನಿಂತಿರುತ್ತೆ. ಇಷ್ಟೆಲ್ಲ ಕಾದಿದೆ ಅಂತ ಗೊತ್ತಿದ್ದವನು ಮುದುಕನ್ನ ಬಿಗಿಯಾಗಿ ಹಿಡ್ಕೊಳ್ದೆ ಏನ್ ಮಾಡ್ತಾನೆ ಹೇಳಿ.

ಆದ್ರೆ ಈ ಭಯ ಯಾವಾಗ್ಲೂ ಸರಿ ಅಲ್ಲ. ಗೇಮಿನ 1066ರ ಮ್ಯಾಪಲ್ಲಿ ಕಲ್ಯಾಣದ ಚಾಲುಕ್ಯರು ಇದ್ದಾರೆ, ನಮ್ಮೋರೇ. ನಿಜವಾದ ಇತಿಹಾಸದಲ್ಲಿ ಮೊದಲನೇ ಸೋಮೇಶ್ವರ 1068ರಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ, ದೊಡ್ಡ ಮಗ ಇಮ್ಮಡಿ ಸೋಮೇಶ್ವರನಿಗೆ ಪಟ್ಟ ಆಯ್ತು, 1076ರಲ್ಲಿ ತಮ್ಮ ವಿಕ್ರಮಾದಿತ್ಯ ಅಣ್ಣನ್ನ ಇಳಿಸಿ ತಾನೇ ಕೂತ. ಗೇಮಲ್ಲಿ ಹೀಗಾದ್ರೆ ನಾವು ಆವತ್ತೇ ಕ್ವಿಟ್ ಮಾಡಿರ್ತಿದ್ವಿ. ಆದ್ರೆ ಅದೇ ವಿಕ್ರಮಾದಿತ್ಯ 1126ರ ತನಕ ಐವತ್ತು ವರ್ಷ ಆಳ್ದ, ಆ ಮನೆತನದಲ್ಲೇ ದೊಡ್ಡ ರಾಜ ಅನ್ನಿಸ್ಕೊಂಡ.

ಭಯ ನಿಜ ಆಗಿದ್ದೂ ಇದೆ, ಅದು ನಮ್ಮೂರಲ್ಲೇ. ಇಲ್ಲಿ ಗದ್ದಿಗೆಯಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರನ ಸಮಾಧಿ ಇದೆ. ಗಂಡು ಮಕ್ಕಳಿಲ್ಲದ ಆ ರಾಜನಿಗೆ ತನ್ನ ನಂತರ ಮಗಳು ದೇವಮ್ಮಾಜಿ ಬರ್ಬೇಕು ಅಂತ ಆಸೆ, 1809ರಲ್ಲಿ ತೀರ್ಕೊಂಡ, 1811ರ ಹೊತ್ತಿಗೆ ತಮ್ಮ ಲಿಂಗರಾಜೇಂದ್ರನೇ ರಾಜ. ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರನ ಕಾಲಕ್ಕೆ, 1834ರಲ್ಲಿ, ಕೊಡಗು ಬ್ರಿಟಿಷರ ಕೈಗೆ ಹೋಯ್ತು. ಗದ್ದಿಗೆ ಮುಂದೆ ಹೋದಾಗೆಲ್ಲ ನನಗೆ ಬೇಜಾರಾಗುತ್ತೆ, ಅಷ್ಟು ಗಟ್ಟಿ ರಾಜ, ಟಿಪ್ಪು ಎದುರು ನಿಂತವನು, ಮಗಳನ್ನ ಪಟ್ಟದಲ್ಲಿ ಉಳಿಸೋ ಅಷ್ಟು ವ್ಯವಸ್ಥೆ ಹಿಂದೆ ಬಿಟ್ಟು ಹೋಗೋಕೆ ಆಗ್ಲಿಲ್ಲ.

ಆದ್ರೆ ಅದೇ ಕೊಡಗಲ್ಲಿ ಒಕ್ಕ, ಅಂದ್ರೆ ಕೊಡವರ ಕುಲ, ನೋಡಿ. ಒಕ್ಕದ ಮೂಲಮನೆಯಾದ ಐನ್‌ಮನೆಗೆ ಪಟ್ಟೆದಾರ ಅಂತ ಒಬ್ರು, ಒಕ್ಕದಲ್ಲಿ ವಯಸ್ಸಲ್ಲಿ ಎಲ್ರಿಗಿಂತ ಹಿರಿಯರು. ಅವರು ಹೋದ್ರೆ ಆ ಸ್ಥಾನ ಅವರ ಮಗನಿಗೆ ಅಲ್ಲ, ಮುಂದಿನ ಹಿರಿಯರಿಗೆ ಹೋಗುತ್ತೆ, ಅದು ಚಿಕ್ಕಪ್ಪನೋ ದೊಡ್ಡಪ್ಪನ ಮಗನೋ ಯಾರೇ ಆಗಿರ್ಲಿ. ವಂಶಪಾರಂಪರ್ಯದ ಜಮ್ಮಾ ಜಮೀನು ಪಟ್ಟೆದಾರರ ಹೆಸರಲ್ಲಿ ಇದ್ರೂ ಇಡೀ ಒಕ್ಕದ್ದು, ಪಾಲು ಮಾಡೋ ಪದ್ಧತಿ ಇರ್ಲಿಲ್ಲ. ಒಬ್ಬರು ಹೋದ ತಕ್ಷಣ ಆಸ್ತಿ ಚೂರಾಗೋ ಭಯಾನೇ ಇರ್ಲಿಲ್ಲ, ಹಾಗಾಗಿ ಆ ಸ್ಥಾನವನ್ನ ಹಲ್ಲು ಕಚ್ಚಿ ಹಿಡ್ಕೊಳ್ಳೋ ಅಗತ್ಯಾನೂ ಕಮ್ಮಿ ಇತ್ತು.

ಗೇಮಲ್ಲೂ ಇದಕ್ಕೆ ಹತ್ರದ್ದು ಒಂದಿದೆ, ಹೌಸ್ ಸೀನಿಯಾರಿಟಿ, ಎಲ್ಲಾ ಕಲ್ಚರ್‌ಗೂ ಸಿಗಲ್ಲ. ಮನೆತನದ ಹಿರಿಯನಿಗೇ ಎಲ್ಲಾ ಹೋಗುತ್ತೆ. ತೊಂದ್ರೆ ಅಂದ್ರೆ ಪಟ್ಟಕ್ಕೆ ಬರೋರೇ ಮುದುಕರು, ಬೇಗ ಬೇಗ ಸಾಯ್ತಾರೆ, ಪ್ರತಿ ಸಲ ಸಾಮಂತರು ಮುನಿಸ್ಕೊಳ್ತಾರೆ. ಆದ್ರೂ ಆಡಿ ನೋಡಿ, ಮೂರನೇ ರಾಜ ಬರೋ ಹೊತ್ತಿಗೆ ಒಬ್ಬನೇ ರಾಜನ ಮೇಲಿನ ವ್ಯಾಮೋಹ ಬಿಟ್ಟು ಇಡೀ ಮನೆತನದ ಹುಡುಗ್ರನ್ನ ನೋಡ್ಕೊಳ್ಳೋಕೆ ಶುರು ಮಾಡಿರ್ತೀರ, ಯಾರಿಗೆ ಯಾವ ಗುರು, ಯಾರಿಗೆ ಯಾವ ಸೀಮೆ ಅಂತ. ಗೇಮಿನ ಐರನ್‌ಮ್ಯಾನ್ ಮೋಡ್ ಆನ್ ಮಾಡಿ ಆಡಿ, ಹಳೇ ಸೇವ್‌ಗೆ ಓಡಿ ಹೋಗೋ ದಾರಿ ಮೊದ್ಲು ಮುಚ್ಲಿ.