ತೀನ್ ಕಂದೀಲ್ ಹತ್ತಿರದ ಊಟದ ಶೆಡ್

ಎಲ್ಲರಿಗೂ ನಮಸ್ಕಾರ.

ನಿಜಾಮರ ಹೈದರಾಬಾದ್ ಸಂಸ್ಥಾನದಿಂದ ನಮಗೆ ಬಿಡುಗಡೆಯಾದ ದಿನ, ಸೆಪ್ಟೆಂಬರ್ 17 ಬಂತು ಅಂದರೆ ನಮ್ಮ ರಾಯಚೂರಿನಲ್ಲಿ ಭಾಷಣಕ್ಕೆ ಬರ ಇರುವುದಿಲ್ಲ. 1948ರ ಪೊಲೀಸ್ ಕಾರ್ಯಾಚರಣೆ, ನಿಜಾಮರ ಪರ ನಿಂತ ರಜಾಕಾರರ ಕಾಟ, 1956ರ ಏಕೀಕರಣ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ. ಬೆಳಗ್ಗೆಯಿಂದ ಇವನ್ನೆಲ್ಲ ಕೇಳಿದ್ದೀರಿ, ಮತ್ತೆ ನಾನು ಹೇಳುವುದಿಲ್ಲ. ನನಗೆ ಕೊಟ್ಟ ವಿಷಯ ಊರಿನ ನೆನಪು. ನಾನು ಆರಿಸಿಕೊಂಡದ್ದು ನಮ್ಮೂರ ತೀನ್ ಕಂದೀಲ್ ವೃತ್ತದ ಹತ್ತಿರ ಇದ್ದ ಊಟದ ಶೆಡ್.

ಹಿರಿಯರಿಗೆ ವಿವರ ಬೇಕಿಲ್ಲ. ಹುಡುಗರಿಗೋಸ್ಕರ ಸ್ವಲ್ಪ ಹೇಳುತ್ತೇನೆ. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು, ಮೂರು ಕಡೆ ಗೋಡೆ. ಎಡಕ್ಕೆ ಖಾನಾವಳಿ, ಜೋಳದ ರೊಟ್ಟಿ ಊಟ. ಬಲಕ್ಕೆ ಉಡುಪಿ ಕಡೆಯಿಂದ ಬಂದವರ ಇಡ್ಲಿ, ಕಾಫಿ. ಹಿಂದಿನ ಮೂಲೆಯಲ್ಲಿ ಹೈದರಾಬಾದಿ ಚಹಾ. ಒಂದು ಪಾತ್ರೆಯಲ್ಲಿ ಡಿಕಾಕ್ಷನ್, ಇನ್ನೊಂದರಲ್ಲಿ ಕುದಿಕುದಿದು ಗಟ್ಟಿಯಾದ ಹಾಲು, ಪಕ್ಕದ ಗಾಜಿನ ಬರಣಿಯಲ್ಲಿ ಉಸ್ಮಾನಿಯಾ ಬಿಸ್ಕತ್ತು. ಬಾಗಿಲ ಬಾಯಿಗೇ ಮಿರ್ಚಿ ಕಡಾಯಿ, ಮಂಡಾಳ ಒಗ್ಗರಣಿ, ಅಂದರೆ ಮಂಡಕ್ಕಿ ಒಗ್ಗರಣೆ. ಮಾಂಸದೂಟ ಬೇಕಾದವರು ರಸ್ತೆ ದಾಟಿ ಎದುರಿನ ಸಾಲಿಗೆ ಹೋಗಬೇಕಿತ್ತು.

ಮಾಲೀಕರು ಬೇರೆ ಬೇರೆ, ಒಲೆಗಳು ಬೇರೆ ಬೇರೆ. ಬೆಂಚು ಮಾತ್ರ ಎಲ್ಲರದು. ನಡುವೆ ಉದ್ದಕ್ಕೆ ಹಾಕಿದ್ದ ಸಾಗುವಾನಿ ಬೆಂಚುಗಳು, ಅವುಗಳ ಮುಂದೆ ಅಷ್ಟೇ ಉದ್ದದ ಮೇಜು. ರೊಟ್ಟಿ ಉಣ್ಣುವವನ ಪಕ್ಕ ಇಡ್ಲಿ ತಿನ್ನುವವನು. ಅವನ ಎದುರಿಗೆ ಸಾಸರಿನಲ್ಲಿ ಚಹಾ ಸುರಿದುಕೊಂಡು ಊದುತ್ತಿರುವವನು. ನಾನು ಇವತ್ತು ಹೇಳಬೇಕಾದದ್ದೇ ಈ ಬೆಂಚಿನ ಮಾತು. ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ಗುರುತಿಲ್ಲದವರ ಎದುರಿಗೆ ಕೂರದೆ ಊಟ ಸಿಗುತ್ತಿರಲಿಲ್ಲ. ನಮ್ಮದು ಊರಾದದ್ದು ಆ ಬೆಂಚಿನ ಮೇಲೆ.

ಇಷ್ಟು ತರಹದ ಮಂದಿ ಇಲ್ಲಿಗೆ ಯಾಕೆ ಬಂದರು ಅಂತ ಕೇಳಬಹುದು. ಮೊದಲ ಕಾರಣ ರೈಲು. 1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ, ಎರಡೂ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಒಂದು ಕಂಪನಿಯ ದಾರಿ ಮುಗಿದು ಇನ್ನೊಂದರ ದಾರಿ ಶುರುವಾಗುವ ಜಾಗ. ಅಂಥ ಜಾಗದಲ್ಲಿ ಗಾರ್ಡು, ಡ್ರೈವರು, ಪೋರ್ಟರು, ವ್ಯಾಪಾರಿ ಎಲ್ಲರೂ ಇಳಿಯುತ್ತಾರೆ. ಇಳಿದವರಿಗೆ ಹಸಿವಾಗುತ್ತದೆ. ಎರಡನೆಯದು ಗಂಜ್, ಅಂದರೆ ಬೆಳೆ ಮಾರುವ ಮಾರುಕಟ್ಟೆ. ಹತ್ತಿ, ಶೇಂಗಾ ತುಂಬಿದ ಬಂಡಿ ಹೊಡೆದುಕೊಂಡು ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯ ರೈತರು ಬರುತ್ತಿದ್ದರು. ಮೂರನೆಯದು ಕಚೇರಿ, ಕೋರ್ಟು. ನಿಜಾಮರ ಕಾಲದಿಂದಲೂ ಜಿಲ್ಲಾ ಕೇಂದ್ರ ಅಲ್ವಾ. ತಾರೀಖಿಗೆ ಬಂದವನಿಗೆ ತೀರ್ಪು ಸಿಗದಿದ್ದರೂ ಊಟ ಸಿಗಬೇಕು.

ನಮ್ಮ ತಂದೆ ಗಂಜಿನ ಅಡತ್ ಅಂಗಡಿಯಲ್ಲಿ, ಅಂದರೆ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರು. ಅವರ ಬಾಯಿಂದ ಈ ಪ್ರಸಂಗವನ್ನು ಎಷ್ಟೋ ಸಲ ಕೇಳಿದ್ದೇನೆ, ಇವತ್ತು ನೀವೂ ಕೇಳಬೇಕು. ಬೇಸಿಗೆ. ನಮ್ಮೂರ ಬೇಸಿಗೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಮಾನ್ವಿ ಕಡೆಯ ಒಬ್ಬ ರೈತ ಹತ್ತಿ ಮಾರಿ ಬಂದು ಕೂತಿದ್ದಾನೆ. ಹತ್ತಿ ತೂಕ ಆಗಿದೆ, ಪಟ್ಟಿ ಬರೆದಾಗಿದೆ, ರೊಕ್ಕ ಕೈಗೆ ಬರುವುದು ಸಂಜೆಗೆ. ಕಿಸೆ ಖಾಲಿ. ಗಲ್ಲಾದ ಮೇಲಿದ್ದ ಮಾಲೀಕರಿಗೆ ಅದು ಹೊಸದೇನಲ್ಲ. ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆದು, “ಉಣ್ಣಪ್ಪಾ ಮೊದಲ” ಅಂದರು. ಹೆಸರು ಕೇಳಲಿಲ್ಲ. ಗೀಟಿನ ಪಕ್ಕ ಎರಡು ಕೊಂಬು ಬರೆದರಂತೆ, ಅವನ ಎತ್ತುಗಳ ಕೊಂಬು ಅಷ್ಟು ಚೆಂದ ಇದ್ದವು ಅಂತ.

ಎದುರಿಗೆ ಒಬ್ಬ ರೈಲ್ವೆ ಗಾರ್ಡು. ತಮಿಳಿನವನು, ಬಿಳಿ ಕೋಟು, ಹಿಂದಿನ ದಿನವಷ್ಟೇ ವರ್ಗವಾಗಿ ಬಂದವನು. ಅವನ ಮುಂದೆ ಕಟಕ್ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ಜೋಳದ ರೊಟ್ಟಿ ಇಟ್ಟರು. ಜೊತೆಗೆ ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಮೊಸರು. ಅವನು ರೊಟ್ಟಿಯನ್ನು ದೋಸೆ ಮಡಚಿದ ಹಾಗೆ ಮಡಚಲು ಹೋದ. ಪಟ್ ಅಂತ ಮುರಿದು ಅರ್ಧ ರೊಟ್ಟಿ ರೈತನ ತಾಟಿಗೆ ಹಾರಿತು. ಇಡೀ ಬೆಂಚು ನಕ್ಕಿತು. ಗಾರ್ಡಿನ ಮುಖ ಕೆಂಪಾಯಿತು. ಆಗ ರೈತ ಹೇಳಿದ: “ಯಪ್ಪಾ, ಅದು ದ್ವಾಸಿ ಅಲ್ಲ. ಮಡಚಬ್ಯಾಡ, ಮುರಿ. ನಡುವ ಪಲ್ಯ ಹಾಕ್ಕೊ, ಅಂಚಿನಿಂದ ಮುರಕೊಂತ ಬಾ.” ಕನ್ನಡ ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದವನು ತೆಲುಗಿನಲ್ಲಿ ಹೇಳಿದ, ಅದೂ ಅರ್ಧ ಮುಟ್ಟಿತು. ಚಹಾದವನು ಮೂಲೆಯಿಂದಲೇ ಉರ್ದುವಿನಲ್ಲಿ ಕೂಗಿ ಹೇಳಿದ. ಕೊನೆಗೆ ರೈತ ತಾನೇ ಮುರಿದು, ಉಂಡು ತೋರಿಸಿದ. ಗಾರ್ಡು ತನ್ನ ಮೊಸರಿನ ಬಟ್ಟಲನ್ನು ರೈತನ ಕಡೆ ಸರಿಸಿದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನಮ್ಮ ತಂದೆ ಮುಗಿಸುತ್ತಿರಲಿಲ್ಲ. ಸುಗ್ಗಿ ಆದ ಮೇಲೆ ಆ ರೈತ ಒಂದು ಚೀಲ ಶೇಂಗಾ ತಂದು ಗಲ್ಲಾದ ಮುಂದೆ ಇಳಿಸಿದ. ಊಟದ ಬಾಕಿಯನ್ನು ಅವತ್ತೇ ಸಂಜೆ ಕೊಟ್ಟು ಹೋಗಿದ್ದ. ಮತ್ತೆ ಇದು ಯಾಕೆ ಅಂದರೆ, “ಆ ಬಿಳಿ ಕೋಟಿನಾಂವ ಬಂದರ ಹಿಂಡಿ ಮಾಡಿ ಹಾಕ್ರಿ” ಅಂದನಂತೆ. ಗೋಡೆಯ ಮೇಲಿನ ಎರಡು ಕೊಂಬನ್ನು ಮಾಲೀಕರು ಅಳಿಸಲೇ ಇಲ್ಲ. ಸುಣ್ಣ ಹೊಡೆಯುವಾಗಲೂ ಅಷ್ಟು ಜಾಗ ಬಿಡಿಸುತ್ತಿದ್ದರು. ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಈಗ ಹೇಳಿ, ಆ ಇಬ್ಬರನ್ನು ಎರಡು ಬೇರೆ ಟೇಬಲ್ಲಿಗೆ ಕೂರಿಸಿದ್ದರೆ ಇದು ನಡೆಯುತ್ತಿತ್ತಾ?

ಆದರೆ ನೆನಪು ಸಿಹಿಯಾಗಿದೆ ಅಂತ ಅದರ ಕಹಿಯನ್ನು ಬಚ್ಚಿಡುವುದು ಸರಿಯಲ್ಲ. ಬೆಂಚು ಎಲ್ಲರದು ಅಂದೆ. ಮೊದಲಿಂದ ಹಾಗಿರಲಿಲ್ಲ. ಒಳಗೆ ಒಂದು ಕಡೆ ಪರದೆ ಕಟ್ಟಿ ಮೇಲ್ಜಾತಿಯವರಿಗೆ ಬೇರೆ ಪಂಕ್ತಿ ಇತ್ತು ಅಂತ ಹಿರಿಯರು ಹೇಳುತ್ತಿದ್ದರು. ನನ್ನ ಕಾಲಕ್ಕೆ ಪರದೆ ಇರಲಿಲ್ಲ, ಅದನ್ನು ಕಟ್ಟುತ್ತಿದ್ದ ಕಬ್ಬಿಣದ ಕೊಂಡಿಗಳು ಗೋಡೆಯಲ್ಲೇ ಇದ್ದವು. ಅವುಗಳಿಗೆ ನಾವು ಕೈಚೀಲ ನೇತುಹಾಕುತ್ತಿದ್ದೆವು, ಯಾಕೆ ಇವೆ ಅಂತ ಕೇಳದೆ. ಹೊರಗೆ ಕಟ್ಟೆಯ ಮೇಲೆ ಕೂತು, ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿದು, ಅದನ್ನು ತಾವೇ ತೊಳೆದಿಟ್ಟು ಹೋಗುತ್ತಿದ್ದವರ ಮಕ್ಕಳು ಈ ಸಭೆಯಲ್ಲೂ ಇರಬಹುದು. 1950ರಲ್ಲಿ ಸಂವಿಧಾನ ಬಂತು. ಅದರ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು ಯಾರಿಗೂ ಬಾಗಿಲು ಹಾಕುವಂತಿಲ್ಲ ಅಂತ ಬಿಡಿಸಿ ಬರೆದಿದ್ದಾರೆ. ಹೋಟೆಲಿನ ಮಾತು ಸಂವಿಧಾನದಲ್ಲಿ ಯಾಕೆ ಬಂತು ಅಂತ ಯೋಚನೆ ಮಾಡಿ. ಪಕ್ಕದಲ್ಲಿ ಕೂತು ಉಣ್ಣುವುದು ಅಷ್ಟು ದೊಡ್ಡ ಸಂಗತಿ ಅನ್ನುವುದು ಅದನ್ನು ಬರೆದವರಿಗೆ ಗೊತ್ತಿತ್ತು. 1955ರಲ್ಲಿ ಅಸ್ಪೃಶ್ಯತೆಯನ್ನು ಅಪರಾಧ ಅಂತ ಮಾಡಿ ಶಿಕ್ಷೆಯ ಕಾಯ್ದೆ ಬಂತು. ಆದರೂ ಕಟ್ಟೆಯಿಂದ ಬೆಂಚಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಬೆಂಚು ತಾನಾಗಿ ಎಲ್ಲರದಾಗಲಿಲ್ಲ. ಜನ ಬಂದು ಕೂತರು, ಎದ್ದೇಳು ಅಂದರೂ ಏಳಲಿಲ್ಲ. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಗೌರವ.

ಇನ್ನೂ ಒಂದು ಕಡೆ ಆ ಬೆಂಚು ಸೋತಿತ್ತು. ಹಿತ್ತಲ ಕಡೆ ರೊಟ್ಟಿ ತಟ್ಟುವ ಹೆಣ್ಣುಮಕ್ಕಳು. ಅವರು ಒಂದು ದಿನವೂ ಬಂದು ಅದರ ಮೇಲೆ ಕೂರಲಿಲ್ಲ. ನಾನು ಸಣ್ಣವನಿದ್ದಾಗ ಅವರ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಕುದಿಯುವ ನೀರು ಹಾಕಿ, ಕೈ ಸುಡುವಾಗಲೇ ನಾದಬೇಕು. ನಾದಿದ ಮುದ್ದೆಯನ್ನು ಕೊಣಮಿಗೆ ಅನ್ನುವ ಕಟ್ಟಿಗೆಯ ಅಗಲ ಹರಿವಾಣದ ಅಂಚಿಗೆ ಒಣ ಹಿಟ್ಟು ಉದುರಿಸಿ ತಟ್ಟುತ್ತಿದ್ದರು. ರೊಟ್ಟಿ ಕೈಯ ಕೆಳಗೆ ತಾನೇ ತಿರುಗುತ್ತಾ ಅಗಲವಾಗುತ್ತಿತ್ತು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ತಿರುವಿ, ಕೆಂಡಕ್ಕೆ ಒರಗಿಸಿ ಉಬ್ಬಿಸುತ್ತಿದ್ದರು. ಒಲೆಗೆ ಹತ್ತಿಕಟ್ಟಿಗೆ. ಅದು ಭರ್ ಅಂತ ಉರಿದು ಬೇಗ ಆರಿಹೋಗುತ್ತದೆ. ಹಾಗಾಗಿ ಒಂದು ಕೈ ರೊಟ್ಟಿಗೆ, ಒಂದು ಕೈ ಒಲೆಗೆ. ಅವರಲ್ಲಿ ಒಬ್ಬಾಕೆಯ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ, ನುಣ್ಣಗಾಗಿದ್ದವು. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದ ಕಾರಕೂನ ಎರಡು ಮೂರು ಸಲ ಒತ್ತಿಸಿ ನೋಡಿ, “ಏನವ್ವಾ, ಅಚ್ಚೇ ಬೀಳವಲ್ದು” ಅಂದಿದ್ದ. ಆಕೆ ನಕ್ಕು, “ರೊಟ್ಟಿ ಮ್ಯಾಲೆ ಐತಿ ನೋಡ್ರಿ” ಅಂದಳು.

ನಮ್ಮ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಕಲ್ಲಿದೆ, 1294ರ ಶಾಸನ ಇದೆ. ನೀವೆಲ್ಲ ನೋಡಿದ್ದೀರಿ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಕೆಲಸ ಮಾಡಿದ್ದನ್ನು ದಾಖಲು ಮಾಡಬೇಕು ಅನ್ನುವ ಬುದ್ಧಿ ಈ ಊರಿಗೆ ಅವತ್ತೇ ಇತ್ತು. ಹಾಗಾದರೆ ಊರಿಗೆ ಅನ್ನ ಹಾಕಿದ ಶೆಡ್ಡಿನ ಒಂದು ಫೋಟೋ ಯಾಕೆ ಇಲ್ಲ? 1520ರ ರಾಯಚೂರು ಯುದ್ಧದಲ್ಲಿ ಯಾರು ಗೆದ್ದರು ಅಂತ ಶಾಲೆಯ ಮಕ್ಕಳೂ ಹೇಳುತ್ತಾರೆ. ನಮ್ಮ ಅಪ್ಪಂದಿರು ಎಲ್ಲಿ ಉಂಡರು ಅಂತ ಕೇಳಿದರೆ ಹೇಳುವವರಿಲ್ಲ.

ಅಧ್ಯಕ್ಷರ ಚೀಟಿ ಬಂದಿದೆ, ಹತ್ತು ನಿಮಿಷ ಅಂತ. ಆಯಿತು, ಬೇಗ ಹೇಳುತ್ತೇನೆ.

ಶೆಡ್ ಹೇಗೆ ಹೋಯಿತು? ರಸ್ತೆ ಅಗಲ ಮಾಡಿದಾಗ ತಗಡು ಬಿಚ್ಚಿದರು, ನಿಜ. ಆದರೆ ಅದಕ್ಕೂ ಮೊದಲೇ ಅದು ಸೊರಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಬಂತು, ಸಿಂಧನೂರು, ಮಾನ್ವಿ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ನೀರು ಬಂದದ್ದು ಒಳ್ಳೆಯದೇ, ನಾನು ಅದರ ವಿರುದ್ಧ ಮಾತಾಡುತ್ತಿಲ್ಲ. ಆದರೆ ಮನೆಯಲ್ಲಿ ಅನ್ನ ಜಾಸ್ತಿಯಾಯಿತು, ಮಾಲದಂಡಿ ಜೋಳ ತುಟ್ಟಿಯಾಯಿತು, ರೊಟ್ಟಿ ತಟ್ಟುವವರು ಸಿಗುವುದು ಕಡಿಮೆಯಾಯಿತು. ಬಂಡಿ ಹೋಗಿ ಲಾರಿ ಬಂತು, ರೈತ ರಾತ್ರಿ ಉಳಿಯುವುದು ನಿಂತಿತು. ಫ್ಯಾಮಿಲಿ ರೂಮು ಬಂತು. ಹೆಣ್ಣುಮಕ್ಕಳು ಹೊರಗೆ ಬಂದು ಉಣ್ಣುವಂತಾದದ್ದು ಆ ರೂಮುಗಳಿಂದಲೇ. ಅದಕ್ಕೆ ನನಗೆ ಸಂತೋಷ ಇದೆ. ಆದರೆ ರೂಮಿನ ಜೊತೆ ಮತ್ತೆ ಪರದೆಯೂ ಬಂತಲ್ಲ. ಈಗ ಎದುರಿಗೆ ಕೂರುವವರು ನಮ್ಮ ಮನೆಯವರೇ. ಬೆಂಚು ಹೋಯಿತು ಅನ್ನುವುದು ಈ ಅರ್ಥದಲ್ಲಿ.

ಹಾಲಿ ಸಿಕ್ಕಾ, ಅಂದರೆ ನಿಜಾಮರ ನಾಣ್ಯ ನಡೆಯುತ್ತಿದ್ದ ಕಾಲದ ಊಟದ ದರದ ಬಗ್ಗೆ, ಮಿರ್ಚಿಗೆ ಯಾವ ಮೆಣಸಿನಕಾಯಿ ಬಳಸುತ್ತಿದ್ದರು ಅನ್ನುವುದರ ಬಗ್ಗೆ ಬರೆದುಕೊಂಡು ಬಂದಿದ್ದೆ. ಅದನ್ನು ಬಿಡುತ್ತೇನೆ. ಮಂಡಾಳ ಒಗ್ಗರಣಿಗೆ ಮೇಲೆ ಪುಟಾಣಿ ಪುಡಿ ಉದುರಿಸದಿದ್ದರೆ ಅದು ಒಗ್ಗರಣಿಯೇ ಅಲ್ಲ, ಇಷ್ಟು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಚಪ್ಪಾಳೆ ಬಂತು, ಸಂತೋಷ.

ಕಾಲೇಜಿನ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಫೋನ್ ಇದೆ. ಮನೆಯಲ್ಲಿ ಎಪ್ಪತ್ತು ದಾಟಿದವರು ಯಾರಿದ್ದರೂ ಕೂರಿಸಿ ಮಾತಾಡಿಸಿ, ರೆಕಾರ್ಡ್ ಮಾಡಿ. ಮಾಲೀಕರ ಮನೆಗೆ ಆಮೇಲೆ ಹೋಗಿ. ಮೊದಲು ರೊಟ್ಟಿ ತಟ್ಟಿದವರನ್ನು, ತಾಟು ತೊಳೆದವರನ್ನು, ಕಟ್ಟೆಯ ಮೇಲೆ ಕೂತು ಚಹಾ ಕುಡಿದವರನ್ನು ಹುಡುಕಿ. ಕೂಲಿ ಹೇಗೆ ಕೊಡುತ್ತಿದ್ದರು, ರೊಟ್ಟಿ ಲೆಕ್ಕಕ್ಕೋ ದಿನದ ಲೆಕ್ಕಕ್ಕೋ, ಅವರು ಯಾವಾಗ ಉಣ್ಣುತ್ತಿದ್ದರು, ಎಲ್ಲಿ ಕೂತು ಉಣ್ಣುತ್ತಿದ್ದರು ಅಂತ ಕೇಳಿ. ಹಳೆಯ ಲೆಕ್ಕದ ಪುಸ್ತಕ, ಪಟ್ಟಿ, ಮದುವೆ ಫೋಟೋದ ಹಿಂದೆ ಕಾಣುವ ತಗಡಿನ ತುದಿ, ಏನಿದ್ದರೂ ತನ್ನಿ.

ಹಿರಿಯರು ದಯವಿಟ್ಟು ಸಭೆ ಮುಗಿದ ಕೂಡಲೇ ಹೊರಡಬೇಡಿ. ಶೆಡ್ಡಿನ ಒಂದು ನಕ್ಷೆಯನ್ನು ನೆನಪಿನಿಂದಲೇ ಬರೆದು ತಂದಿದ್ದೇನೆ, ಹೊರಗಿನ ಮೇಜಿನ ಮೇಲೆ ಹರಡಿದ್ದೇನೆ. ಉಡುಪಿಯವರ ಕಾಫಿ ಒಲೆ ಕಿಟಕಿಯ ಈ ಕಡೆ ಇತ್ತೋ ಆ ಕಡೆಯೋ ಅಂತ ನಮ್ಮ ಅಣ್ಣನಿಗೂ ನನಗೂ ಇನ್ನೂ ಒಪ್ಪಿಗೆ ಆಗಿಲ್ಲ. ಪಕ್ಕದಲ್ಲಿ ಪೆನ್ಸಿಲ್, ರಬ್ಬರ್ ಎರಡೂ ಇಟ್ಟಿದ್ದೇನೆ. ಬಂದು ತಿದ್ದಿ.

ನಮಸ್ಕಾರ.