ಸುಗ್ಗಿ ತಿಂಗಳ ಕಾಸರಕ

ಕೇಳುಗರಿಗೆಲ್ಲ ನಮಸ್ಕಾರ.

ತುಳುವರ ಸುಗ್ಗಿ ತಿಂಗಳು ಹುಟ್ಟಿತೆಂದರೆ ಕಾಸರಗೋಡು ಪೇಟೆಯ ನಮ್ಮ ಪುಟ್ಟ ಪಾರ್ಕಿನಲ್ಲಿ ಬೆಳಕು ಹರಿಯುವ ಮೊದಲೇ ಕೋಗಿಲೆ ಕೂಗತೊಡಗುತ್ತದೆ. ಕೂಗುವುದು ಕರಿ ಮೈಯ ಗಂಡು. ಮೈತುಂಬ ಬಿಳಿ ಚುಕ್ಕಿಯ ಕಂದು ಹೆಣ್ಣು ಎಲೆಮರೆಯಲ್ಲಿ ಕೂತಿರುತ್ತದೆ, ಕಣ್ಣೆಲ್ಲ ಕಾಗೆಗೂಡಿನ ಮೇಲೆ. ಕೊಂದೆ ಮರದಲ್ಲಿ ಹಳದಿ ಗೊಂಚಲು ಜೋತುಬಿದ್ದಿದೆ. ಏಪ್ರಿಲ್ ನಡುವಿಗೆ ಬಿಸು, ತುಳುವರ ಹೊಸ ವರ್ಷ. ಅಂದು ಎದ್ದಕೂಡಲೇ ನೋಡಲೆಂದು ಜೋಡಿಸಿಡುವ ಕಣಿಗೆ ಆ ಹೂ ಬೇಕೇ ಬೇಕು. ಹಾಗಾಗಿ ಬಂದವರೆಲ್ಲ ಅದನ್ನೇ ನೋಡುತ್ತಾರೆ.

ನನಗೆ ಹೇಳಬೇಕಾದ್ದು ಅದರ ಆಚೆಗಿರುವ ಕಾಸರಕದ ಬಗ್ಗೆ. ನಮ್ಮ ಊರಿಗೆ ಹೆಸರು ಬಂದದ್ದೇ ಈ ಮರದಿಂದ ಎನ್ನುವುದುಂಟು. 2023ರಲ್ಲಿ ಇದನ್ನೇ ಜಿಲ್ಲೆಯ ಮರವೆಂದು ಘೋಷಿಸಿದರು. ಆದರೂ ಅದರಡಿ ನಿಂತು ಮೇಲೆ ನೋಡುವವರು ಕಡಿಮೆ.

ಈಗ ಅದು ಚಿಗುರಿದೆ. ಒಂದು ಎಲೆ ಹಿಡಿದು ನೋಡಿ: ಎಣ್ಣೆ ಸವರಿದ ಹಾಗೆ ಮಿನುಗುವ ತೆಳು ಹಸಿರು, ಬುಡದಿಂದಲೇ ತುದಿಯವರೆಗೆ ಬಾಗಿ ಹೋಗುವ ಮೂರೋ ಐದೋ ನರ. ಚಿಗುರಿನ ತುದಿಯಲ್ಲಿ ಹಸಿರು ಬೆರೆತ ಬಿಳಿಯ ಸಣ್ಣ ಹೂಗಳು, ದೂರದಿಂದ ಕಾಣವು. ಹಣ್ಣು ಕಿತ್ತಳೆಯಷ್ಟೇ ಚೆಲುವು. ಒಳಗೆ ಬಿಳಿ ಲೋಳೆ, ಅದರಲ್ಲಿ ನಾಣ್ಯದಂತೆ ಚಪ್ಪಟೆಯಾದ, ಬೂದು ರೇಷ್ಮೆ ರೋಮದ ಬೀಜ. ಸ್ಟ್ರಿಕ್ನಿನ್ ಎಂಬ ಘೋರ ವಿಷ ಹೆಚ್ಚಾಗಿ ಇರುವುದು ಈ ಬೀಜದಲ್ಲಿ. ಆಯುರ್ವೇದದವರು ಶುದ್ಧಿ ಮಾಡದೆ ಇದನ್ನು ಮುಟ್ಟುವುದಿಲ್ಲ. ಕಾಡಿನ ಮಂಗಟ್ಟೆ ಹಕ್ಕಿಗಳಾದರೋ ಈ ಹಣ್ಣನ್ನು ತಿಂದು ಬದುಕುತ್ತವೆ.

“ಮಕ್ಕಳು ಆಡುವ ಜಾಗ, ಕಡಿದುಹಾಕಿ” ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅವರ ಅಂಜಿಕೆ ಸುಳ್ಳಲ್ಲ. ಆದರೆ ಬಿದ್ದ ಕಾಯಿ ಹೆಕ್ಕಿ ತೆಗೆದರೆ, ಬಾಯಿಗೆ ಹಾಕಬಾರದೆಂದು ಒಂದು ಫಲಕ ಹಾಕಿದರೆ ಸಾಕಲ್ಲವೇ? ಮರ ಕಡಿಯುವಷ್ಟು ದೂರ ಯಾಕೆ ಹೋಗಬೇಕು?

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಲೆಯ ಮೇಲೆ ಬೆರಳಾಡಿಸಿ, “ಅಜ್ಜ, ಇದರಲ್ಲಿ ಐದುಂಟು” ಎಂದಳು. ಮರದ ಹೆಸರು ಕೇಳಿದಳು, ಹೇಳಿದೆ. ಕೈ ತೊಳೆಸಿಕೊಂಡು ಮನೆಗೆ ಬಂದೆವು.

ಕೊಂದೆ ಹೂ ಕೊಯ್ಯಲು ಹೋದಾಗ ನೀವೂ ನಾಲ್ಕು ಹೆಜ್ಜೆ ಆಚೆ ನಡೆಯಿರಿ. ಹೂ ಇನ್ನೂ ಇದೆ. ನಮಸ್ಕಾರ.